ಐದು ವಾಟಿನ ಲೆಕ್ಕ

ಕ್ಯೂಆರ್‌ಪಿ ಎಂಬ ಮೂರಕ್ಷರ ಹುಟ್ಟಿದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಹಡಗು ಮತ್ತು ದಡದ ನಡುವಿನ ಮೋರ್ಸ್ ಮಾತುಕತೆಯನ್ನು ಚುಟುಕಾಗಿಸಲು ಮಾಡಿಕೊಂಡ ಸಂಕೇತಗಳಲ್ಲಿ ಅದೂ ಒಂದು. 'ಪ್ರಸಾರದ ಶಕ್ತಿ ತಗ್ಗಿಸಿ' ಎಂಬುದು ಅದರ ಅರ್ಥ. ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದರೆ 'ತಗ್ಗಿಸಲೇ?' ಎಂದು ಕೇಳಿದ ಹಾಗೆ. ಇವತ್ತು ಹ್ಯಾಮ್‌ಗಳು, ಅಂದರೆ ಪರೀಕ್ಷೆ ಬರೆದು ಸರ್ಕಾರದ ಪರವಾನಗಿ ಪಡೆದ ಹವ್ಯಾಸಿ ರೇಡಿಯೋದವರು, ಆ ಪದವನ್ನು ಒಂದು ಪಂಥದ ಹೆಸರಿನಂತೆ ಬಳಸುತ್ತಾರೆ. ಮೋರ್ಸ್ ಆದರೆ 5 ವಾಟ್, ಮಾತಾದರೆ ದನಿ ಏರಿದಾಗಲೂ 10 ವಾಟ್ ಮೀರಬಾರದು ಎಂಬುದು ಆ ಪಂಥದ ಮಡಿ. ಒಂದು ಕಾಲದಲ್ಲಿ ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ಜೀರೋ ಕ್ಯಾಂಡಲ್ ಬಲ್ಬು ಹೆಸರಿಗೆ ಸೊನ್ನೆಯಾದರೂ ಈ 5 ವಾಟಿನ ಎರಡು ಮೂರು ಪಟ್ಟು ವಿದ್ಯುತ್ ನುಂಗುತ್ತಿತ್ತು.

ಈ ಪಂಥವನ್ನು ಮನೆಯಿಂದ ಬಯಲಿಗೆ ಕರೆತಂದ ಕೆಲವು ಏರ್ಪಾಡುಗಳಿವೆ. ಅಮೆರಿಕದಲ್ಲಿ 1933ರಲ್ಲಿ ಶುರುವಾದ 'ಫೀಲ್ಡ್ ಡೇ'ಯಲ್ಲಿ, 5 ವಾಟ್ ಮೀರದೆ ಬ್ಯಾಟರಿಯಲ್ಲೋ ಬಿಸಿಲಿನಲ್ಲೋ ನಡೆದ ಕೇಂದ್ರದ ಸಂಪರ್ಕಗಳ ಅಂಕವನ್ನು ಐದರಿಂದ ಗುಣಿಸುತ್ತಾರೆ. ಇಂಗ್ಲೆಂಡಿನ ಪಾದ್ರಿ ಜಾರ್ಜ್ ಡಾಬ್ಸ್ 1974ರಲ್ಲಿ ಕಟ್ಟಿದ ಜಿ-ಕ್ಯೂಆರ್‌ಪಿ ಕ್ಲಬ್ಬು ತನ್ನ ಪತ್ರಿಕೆ 'ಸ್ಪ್ರಾಟ್'ನಲ್ಲಿ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಸರ್ಕಿಟ್‌ಗಳನ್ನು ಹಂಚುತ್ತ ಬಂತು. 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ಸಮಿಟ್ಸ್ ಆನ್ ದಿ ಏರ್' ಅಥವಾ ಸೋಟಾ ಶಿಖರಗಳಿಗೇ ಅಂಕ ಕೊಟ್ಟಿತು. ಅದರ ನಿಯಮ ಸರಳ, ಆದರೆ ಬಿಗಿ. ಸಲಕರಣೆಯನ್ನೆಲ್ಲ ಹೊತ್ತೇ ಹತ್ತಬೇಕು, ಜನರೇಟರ್ ಕೂಡದು, ವಾಹನದಲ್ಲಿ ಕೂತು ಮಾತಾಡುವಂತಿಲ್ಲ, ತುದಿಯಿಂದ 25 ಮೀಟರ್‌ಗಿಂತ ಕೆಳಗೆ ಇಳಿದು ನಿಲ್ಲುವಂತಿಲ್ಲ, ಅಂಕ ಸಿಗಲು ಕನಿಷ್ಠ ನಾಲ್ಕು ಸಂಪರ್ಕ ಆಗಬೇಕು. ಈ ಕೊನೆಯ ನಾಲ್ಕು ಎಂಬ ಸಂಖ್ಯೆ ಓದಲು ಚಿಕ್ಕದು. ಮೂರು ಸಂಪರ್ಕ ಮಾಡಿ, ನಾಲ್ಕನೆಯದಕ್ಕಾಗಿ ಗಾಳಿಯಲ್ಲಿ ನಡುಗುತ್ತ ಒಂದು ಗಂಟೆ ಕೂತವರಿಗೆ ಅದರ ಗಾತ್ರ ಗೊತ್ತು.

100 ವಾಟಿನ ಜಾಗದಲ್ಲಿ 5 ವಾಟ್ ಎಂದಾಗ ಇಪ್ಪತ್ತು ಪಾಲಿನಲ್ಲಿ ಹತ್ತೊಂಬತ್ತು ಹೋಯಿತಲ್ಲ ಎನಿಸುವುದು ಸಹಜ. ಆದರೆ ಕಿವಿಯೂ ರಿಸೀವರ್ ಕೂಡ ಶಕ್ತಿಯನ್ನು ಕೂಡಿ ಕಳೆದು ಅಳೆಯುವುದಿಲ್ಲ, ಎಷ್ಟು ಪಟ್ಟು ಎಂದು ಅಳೆಯುತ್ತವೆ. ಅದಕ್ಕೇ ಡೆಸಿಬೆಲ್ ಎಂಬ ಮಾನ. ಶಕ್ತಿ ಅರ್ಧವಾದರೆ 3 ಡೆಸಿಬೆಲ್ ನಷ್ಟ, ಹತ್ತರಲ್ಲೊಂದಾದರೆ 10 ನಷ್ಟ. ಇಪ್ಪತ್ತರಲ್ಲೊಂದಾದರೆ 13. ಹ್ಯಾಮ್ ರಿಸೀವರ್‌ಗಳ ಮೀಟರಿನಲ್ಲಿ ಒಂದೊಂದು 'ಎಸ್' ಗೆರೆಗೂ 6 ಡೆಸಿಬೆಲ್ ಅಂತರ. ಹಾಗಾಗಿ ಇಪ್ಪತ್ತು ಪಟ್ಟು ಶಕ್ತಿ ಬಿಟ್ಟುಕೊಟ್ಟದ್ದಕ್ಕೆ ದೂರದವರ ಮೀಟರಿನಲ್ಲಿ ಮುಳ್ಳು ಇಳಿಯುವುದು ಎರಡು ಗೆರೆಯಷ್ಟು. ಎಸ್7ರಲ್ಲಿ ಕೇಳುತ್ತಿದ್ದ ದನಿ ಎಸ್5ರಲ್ಲಿ ಕೇಳುತ್ತದೆ. ಗದ್ದಲವಿಲ್ಲದ ಕಡೆ ಅದು ಧಾರಾಳವಾಗಿ ಸಾಲುತ್ತದೆ.

ಇದರಿಂದ ತಿಳಿಯುವುದೇನೆಂದರೆ, ವಾಟ್ ಕಡಿಮೆಯಾದದ್ದು ಈ ಹವ್ಯಾಸದ ನಿಜವಾದ ತೊಡಕಲ್ಲ. ನೂರು ವಾಟಿನವನು ಅಲ್ಲಿಷ್ಟು ಇಲ್ಲಿಷ್ಟು ಚೆಲ್ಲಿಕೊಂಡರೂ ಸಂಸಾರ ನಡೆಯುತ್ತದೆ. ಐದು ವಾಟಿನವನ ಕೈಯಲ್ಲಿ ಚೆಲ್ಲಲು ಏನೂ ಉಳಿದಿರುವುದಿಲ್ಲ. ತಂತಿ, ನೆಲ, ಕೇಬಲ್, ಆಕಾಶ, ಎದುರಿನವರ ಮನೆಯ ಸದ್ದು ಇವೆಲ್ಲ ಒಂದೊಂದು ಪಾಲು ಕೇಳುತ್ತವೆ. ಬಯಲಿನಲ್ಲಿ ಅವುಗಳ ಪಾಲು ಮನೆಗಿಂತ ಹೆಚ್ಚು.

ಅತಿ ದೊಡ್ಡ ಪಾಲು ಆಂಟೆನಾದ್ದು. ಚೀಲದ ತೂಕ ನೋಡಿದವರು ಮೊದಲು ಆಸೆಪಡುವುದು ಮಡಚುವ ಸಣ್ಣ ಕಡ್ಡಿ ಆಂಟೆನಾಕ್ಕೆ. ಎರಡೂವರೆ ಮೀಟರ್ ಉದ್ದ, ಬುಡದಲ್ಲಿ ಒಂದು ಸುರುಳಿ, ಎರಡು ನಿಮಿಷದಲ್ಲಿ ಸಿದ್ಧ. ಅದನ್ನು 7 ಮೆಗಾಹರ್ಟ್ಸ್‌ನಲ್ಲಿ ಬಳಸಿದರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಅಲ್ಲಿ ತರಂಗಾಂತರ ಸುಮಾರು 43 ಮೀಟರ್. ಕಡ್ಡಿ ಅದರ ಹದಿನೇಳನೇ ಒಂದು ಭಾಗ. ಇಷ್ಟು ಗಿಡ್ಡ ಕಡ್ಡಿಯ ವಿಕಿರಣ ರೋಧ, ಎಂದರೆ ಶಕ್ತಿಯನ್ನು ನಿಜವಾಗಿ ಅಲೆಯಾಗಿ ಹೊರಕ್ಕೆ ಕಳಿಸುವ ಭಾಗ, 1.4 ಓಮ್ ಆಸುಪಾಸು. ಸುರುಳಿಯ ತಾಮ್ರ ಮತ್ತು ಕೆಳಗಿನ ನೆಲ ಸೇರಿ 15 ಓಮ್ ರೋಧ ಒಡ್ಡಿದವೆಂದು ಇಟ್ಟುಕೊಂಡರೆ, ಒಟ್ಟು 16.4ರಲ್ಲಿ ಕೆಲಸಕ್ಕೆ ಬರುವುದು 1.4. ಅಂದರೆ ನೂರಕ್ಕೆ ಎಂಟು. ಐದು ವಾಟಿನಲ್ಲಿ ಗಾಳಿಗೆ ಸೇರುವುದು 0.4 ವಾಟ್, ಮಿಕ್ಕ 4.6 ವಾಟ್ ಸುರುಳಿಯನ್ನೂ ಮಣ್ಣನ್ನೂ ಬೆಚ್ಚಗೆ ಮಾಡುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಆಂಟೆನಾ ಒಂದೇ 11 ಡೆಸಿಬೆಲ್ ತಿಂದಿತು; ನೂರರಿಂದ ಐದು ವಾಟಿಗೆ ಇಳಿದಾಗ ಕಳೆದದ್ದೂ ಹೆಚ್ಚುಕಡಿಮೆ ಅಷ್ಟೇ. ಅದೇ ಕಡ್ಡಿ 28 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗಾಂತರಕ್ಕೆ ಸಮವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಪ್ಪು ಕಡ್ಡಿಯದಲ್ಲ.

ನೆಲದ ನಷ್ಟ ತಗ್ಗಿಸಲು ಕಡ್ಡಿಯ ಬುಡದಿಂದ ನಾಲ್ಕಾರು ತಂತಿಗಳನ್ನು ಸುತ್ತ ಹಾಸುವುದುಂಟು. ಒದ್ದೆ ಗದ್ದೆ, ಸಮುದ್ರದ ಉಪ್ಪುನೀರು ಇವು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತವೆ. ರಾಮನಗರದ ಗ್ರಾನೈಟ್ ಬಂಡೆಯೂ ಕರಾವಳಿಯ ಒಣ ಮುರಕಲ್ಲೂ ಈ ವಿಷಯದಲ್ಲಿ ಜಿಪುಣ. ಹಾಗಾಗಿ ಬಂಡೆ ಬೆಟ್ಟದ ಮೇಲೆ ನೆಲವನ್ನು ನಂಬದ ಆಂಟೆನಾವೇ ಲೇಸು. ಅದೆಂದರೆ ಅರ್ಧ ತರಂಗಾಂತರದ ತಂತಿ. ಅದರ ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಸಾಕು, ಉತ್ತರ ಮೀಟರಿನಲ್ಲಿ ಬರುತ್ತದೆ. 14.06 ಮೆಗಾಹರ್ಟ್ಸ್‌ಗೆ ಸುಮಾರು 10.2 ಮೀಟರ್, 7.03ಕ್ಕೆ 20.3 ಮೀಟರ್. ತಂತಿ ಅಗ್ಗ, ಹಗುರ, ಹಾಕಿದ ಶಕ್ತಿಯ ಬಹುಪಾಲನ್ನು ಅಲೆಯಾಗಿಸುತ್ತದೆ. ಕಷ್ಟವೆಲ್ಲ ಅದನ್ನು ಮೇಲಕ್ಕೇರಿಸುವುದರಲ್ಲಿ.

ಮರವಿದ್ದರೆ ಸಣ್ಣ ತೂಕ ಕಟ್ಟಿದ ದಾರವನ್ನು ಕವಣೆಯಿಂದಲೋ ಕೈಯಿಂದಲೋ ಕೊಂಬೆಯ ಮೇಲೆ ಹಾಯಿಸಿ, ಆ ದಾರದಿಂದ ತಂತಿಯನ್ನು ಎಳೆಯುತ್ತಾರೆ. ಮೂರನೇ ಎಸೆತಕ್ಕೆ ಬೇಕಾದ ಕೊಂಬೆ ಸಿಕ್ಕರೆ ಅದೃಷ್ಟ. ಇಳಿಸುವಾಗ ತೂಕ ಕವಲಿನಲ್ಲಿ ಕಚ್ಚಿಕೊಂಡರೆ ದಾರವನ್ನು ಮರಕ್ಕೇ ಬಿಟ್ಟು ಬರಬೇಕು. ಪಶ್ಚಿಮಘಟ್ಟದ ತುದಿಗಳು ಹೆಚ್ಚಾಗಿ ಬೋಳು ಹುಲ್ಲುಗಾವಲು, ಮರಗಳೆಲ್ಲ ಕೆಳಗಿನ ಶೋಲಾ ಕಣಿವೆಯಲ್ಲಿ. ಅಲ್ಲಿ ಆರೇಳು ಮೀಟರಿನ ಫೈಬರ್ ಗ್ಲಾಸ್ ಗಳು ಹೊತ್ತೊಯ್ಯಬೇಕು. ಒಂದರೊಳಗೊಂದು ಸೇರುವ ಮೀನು ಹಿಡಿಯುವ ಗಳುವೇ ಇದಕ್ಕೆ ಒದಗುತ್ತದೆ, ಆದರೆ ಕಾರ್ಬನ್ ನಾರಿನದು ಬೇಡ. ಕಾರ್ಬನ್ ವಿದ್ಯುತ್ ಒಯ್ಯುವುದರಿಂದ ಪಕ್ಕದ ತಂತಿಯ ಶ್ರುತಿ ಕೆಡುತ್ತದೆ. ಗಳುವನ್ನು ನಿಲ್ಲಿಸಲು ಗೂಟ ಹೊಡೆಯುವ ಮಾತು ಬಂಡೆಯ ಮೇಲೆ ನಡೆಯದು. ಸುತ್ತ ಕಲ್ಲು ಪೇರಿಸಿಯೋ ಬಂಡೆಗೆ ಹಗ್ಗ ಬಿಗಿದೋ ನಿಲ್ಲಿಸಬೇಕು. ತಂತಿಯನ್ನು ಸುತ್ತುವುದಕ್ಕೂ ಒಂದು ಕ್ರಮವಿದೆ. ಬಳೆಯಂತೆ ಸುತ್ತಿದ ತಂತಿ ಬಿಚ್ಚುವಾಗ ಪ್ರತಿ ಸುತ್ತಿಗೊಂದು ತಿರುಚು ಉಳಿಸಿಕೊಂಡು ಗಂಟಾಗುತ್ತದೆ. ಕೈಯ ಹೆಬ್ಬೆರಳು, ಕಿರುಬೆರಳುಗಳ ನಡುವೆ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿದರೆ ಒಂದು ಬದಿಯ ತಿರುಚನ್ನು ಇನ್ನೊಂದು ಬದಿ ಕಳೆಯುತ್ತದೆ. ಗಾಳಿ ಬೀಸುವ ಬೆಟ್ಟದ ಮೇಲೆ ಇದನ್ನು ಕಲಿಯದವರು ಅರ್ಧ ದಿನವನ್ನು ಗಂಟು ಬಿಡಿಸುವುದರಲ್ಲೇ ಕಳೆಯುತ್ತಾರೆ.

ತಂತಿಯ ನಡುವಿಗೆ ಕೇಬಲ್ ಕಟ್ಟಿದರೆ ಆ ಭಾರಕ್ಕೆ ತೆಳು ಗಳು ಬಾಗುತ್ತದೆ. ಅದಕ್ಕೇ ಬಹಳಷ್ಟು ಮಂದಿ ತುದಿಯಿಂದ ಶಕ್ತಿ ಉಣಿಸುತ್ತಾರೆ. ತುದಿಯಲ್ಲಿ ರೋಧ ಎರಡೂವರೆ ಸಾವಿರ ಓಮ್ ಹತ್ತಿರ, ರೇಡಿಯೋ ಕೇಳುವುದು 50 ಓಮ್. ನಡುವೆ 49ಕ್ಕೆ 1ರ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರುತ್ತದೆ. ಇದು ಅನುಕೂಲ ನಿಜ, ಆದರೆ ಅಲ್ಲೊಂದು ಕೊಕ್ಕೆ ಇದೆ. ವಿದ್ಯುತ್ ಹೊರಟ ಮೇಲೆ ಮರಳಲು ದಾರಿ ಬೇಕೇ ಬೇಕು. ಎರಡನೇ ತಂತಿ ಇಲ್ಲದಿದ್ದರೆ ಅದು ಕೇಬಲಿನ ಹೊರಮೈಯನ್ನೇ ದಾರಿ ಮಾಡಿಕೊಂಡು ರೇಡಿಯೋವರೆಗೆ ಬರುತ್ತದೆ. ಆಗ ಮೋರ್ಸ್ ಕೀಲಿ ತಾನಾಗಿ ಚುಕ್ಕೆ ಹೊಡೆಯುತ್ತದೆ, ಮೈಕಿನಲ್ಲಿ ದನಿ ಗೊರಗೊರ ಎನ್ನುತ್ತದೆ. ಒಂದೆರಡು ಮೀಟರಿನ ಸಣ್ಣ ಎದುರು ತಂತಿ, ಕೇಬಲಿನ ಮೇಲೊಂದು ಫೆರೈಟ್ ಉಂಗುರ ಇದ್ದರೆ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ.

ಕೇಬಲಿನ ವಿಷಯದಲ್ಲಿ ಹಗುರ ಮತ್ತು ನಷ್ಟ ಒಂದೇ ತಕ್ಕಡಿಯ ಎರಡು ತಟ್ಟೆ. ಬಳಪದ ಕಡ್ಡಿಗಿಂತ ತೆಳುವಾದ ಆರ್‌ಜಿ-174 ಕೇಬಲ್ ಹತ್ತು ಮೀಟರಿನಲ್ಲಿ, 14 ಮೆಗಾಹರ್ಟ್ಸ್‌ನಲ್ಲಿ, ಸುಮಾರು 1.3 ಡೆಸಿಬೆಲ್ ನುಂಗುತ್ತದೆ. ಐದು ವಾಟಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅಲ್ಲೇ ಹೋಯಿತು. ಸ್ವಲ್ಪ ದಪ್ಪನೆಯ ಆರ್‌ಜಿ-58 ಅದರ ಅರ್ಧಕ್ಕಿಂತ ಕಡಿಮೆ ಕಳೆಯುತ್ತದೆ, ಆದರೆ ಚೀಲದಲ್ಲಿ ಭಾರ. ಜಾಣರು ತೆಳು ಕೇಬಲ್ಲನ್ನೇ ಮೂರು ಮೀಟರಿಗೆ ಕತ್ತರಿಸಿ ಆಂಟೆನಾದ ಬುಡದಲ್ಲಿ ಕೂರುತ್ತಾರೆ.

ಇನ್ನು ಬ್ಯಾಟರಿ. ಮನೆಯ ಕಂಪ್ಯೂಟರ್ ಯುಪಿಎಸ್ಸಿನೊಳಗೆ ಇರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಎರಡು ಕಿಲೋ ಮೀರುತ್ತದೆ. ಹಿಂದಿನ ತಲೆಮಾರು ಅದನ್ನೇ ಹೊತ್ತಿತು. ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು ಬಂದ ಮೇಲೆ ಆ ಭಾರ ಅರ್ಧಕ್ಕಿಂತ ಕೆಳಗಿಳಿಯಿತು; ಒಂದೊಂದು 3.2 ವೋಲ್ಟಿನ ನಾಲ್ಕು ಕೋಶ ಸೇರಿ 12.8 ವೋಲ್ಟ್ ಆಗುವುದು ರೇಡಿಯೋಗಳಿಗೆ ಹೇಳಿ ಮಾಡಿಸಿದಂತಿದೆ. ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಪ್ರಸಾರಕ್ಕಿಂತ ಕೇಳುವಿಕೆಯೇ ನಿರ್ಧರಿಸುತ್ತದೆ, ಏಕೆಂದರೆ ಹೊತ್ತೆಲ್ಲ ಕಳೆಯುವುದು ಕೇಳುವುದರಲ್ಲಿ. 5 ವಾಟ್ ಹೊರಡಿಸುವಾಗ ರೇಡಿಯೋ 1.2 ಆಂಪಿಯರ್ ಎಳೆಯುತ್ತದೆ, ಕೇಳುವಾಗ 0.15 ಎಳೆಯುತ್ತದೆ, ನಾಲ್ಕರಲ್ಲೊಂದು ಪಾಲು ಸಮಯ ಕೀಲಿ ಒತ್ತಿರುತ್ತದೆ ಎಂದುಕೊಂಡರೆ ಸರಾಸರಿ 0.41 ಆಂಪಿಯರ್. 3 ಆಂಪಿಯರ್-ಗಂಟೆಯ ಪುಟ್ಟ ಬ್ಯಾಟರಿ ಏಳು ಗಂಟೆ ಬಂತು. ಕೇಳುವಾಗ 0.4 ಎಳೆಯುವ ರೇಡಿಯೋವಾದರೆ ಅದೇ ಬ್ಯಾಟರಿ ಐದು ಗಂಟೆಗೇ ಮುಗಿಯಿತು. ಸ್ಪೀಕರ್ ಬಿಟ್ಟು ಇಯರ್‌ಫೋನ್ ಹಾಕಿದರೆ ಬ್ಯಾಟರಿಯೂ ಉಳಿಯುತ್ತದೆ, ಗಾಳಿಯ ಸದ್ದೂ ತಪ್ಪುತ್ತದೆ. ಸೌರ ಫಲಕ ಒಯ್ಯುವವರಿಗೆ ಬೇರೊಂದು ತಲೆನೋವು: ಅಗ್ಗದ ಚಾರ್ಜ್ ಕಂಟ್ರೋಲರ್‌ಗಳು ತಾವೇ ರೇಡಿಯೋ ಗದ್ದಲ ಎಬ್ಬಿಸುತ್ತವೆ.

ರೇಡಿಯೋ ಪೆಟ್ಟಿಗೆಯ ಬೆಲೆ ಭಾರತದಲ್ಲಿ ಬಹುಕಾಲ ಈ ಹವ್ಯಾಸದ ದೊಡ್ಡ ಅಡ್ಡಗೋಡೆಯಾಗಿತ್ತು. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಆ ಗೋಡೆಯಲ್ಲಿ ಬಾಗಿಲು ತೆರೆಯಿತು. ಆರು ವಾಟ್ ಆಸುಪಾಸಿನ ಈ ರೇಡಿಯೋದಲ್ಲಿ ಒಂದೇ ಸರ್ಕಿಟ್ ಕೇಳುವಾಗ ಒಂದು ದಿಕ್ಕಿಗೂ ಮಾತಾಡುವಾಗ ಇನ್ನೊಂದು ದಿಕ್ಕಿಗೂ ಕೆಲಸ ಮಾಡುತ್ತದೆ, ಹಾಗಾಗಿ ಬಿಡಿಭಾಗ ಕಡಿಮೆ. ಸುರುಳಿ ಸುತ್ತಲು ವಿದೇಶದಿಂದ ತರಿಸಬೇಕಿದ್ದ ಉಂಗುರಗಳ ಬದಲಿಗೆ ಅವರು ಸೂಚಿಸಿದ್ದು ನಲ್ಲಿಯ ವಾಷರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ ವಾಷರ್ ಮೇಲೆ ಸುತ್ತಿದ ಸುರುಳಿ ಬೇರೆ ಖಂಡದ ದನಿಯನ್ನು ಹೆಕ್ಕಿ ತರುತ್ತದೆಂಬುದು ಅನೇಕ ದೇಶಗಳ ಹವ್ಯಾಸಿಗಳನ್ನು ಬೆಸುಗೆ ಕಡ್ಡಿ ಹಿಡಿಯುವಂತೆ ಮಾಡಿತು.

ತಂತಿ ಏರಿತು, ಬ್ಯಾಟರಿ ಕೂತಿತು. ಮುಂದಿನದು ಆಕಾಶಕ್ಕೆ ಬಿಟ್ಟದ್ದು. ದೂರದ ಸಂಪರ್ಕವೆಲ್ಲ ಅಯಾನುಗೋಳದ ಕೃಪೆ. ಇನ್ನೂರು ಮುನ್ನೂರು ಕಿಲೋಮೀಟರ್ ಮೇಲಿನ ಎಫ್ ಪದರ ಅಲೆಗಳನ್ನು ಭೂಮಿಗೆ ಮರಳಿಸುತ್ತದೆ. ಅದಕ್ಕೂ ಬಹಳ ಕೆಳಗೆ ಹಗಲಲ್ಲಿ ಮಾತ್ರ ಹುಟ್ಟುವ ಡಿ ಪದರ ಹೋಗುವಾಗಲೂ ಬರುವಾಗಲೂ ಸುಂಕ ವಸೂಲಿ ಮಾಡುತ್ತದೆ. ಈ ಸುಂಕ ಆವೃತ್ತಿಯ ವರ್ಗಕ್ಕೆ ವಿಲೋಮವಾಗಿರುತ್ತದೆ: 14 ಮೆಗಾಹರ್ಟ್ಸ್‌ನಲ್ಲಿ ಒಂದಿದ್ದರೆ 7ರಲ್ಲಿ ನಾಲ್ಕು, 28ರಲ್ಲಿ ಕಾಲು. ಸೂರ್ಯ ನೆತ್ತಿಯ ಮೇಲೆ ಬರುವ ಕರ್ನಾಟಕದಂಥ ಉಷ್ಣವಲಯದಲ್ಲಿ ಸುಂಕದ ದರ ಇನ್ನೂ ಹೆಚ್ಚು. ಬೆಳಗ್ಗೆ ಬೆಟ್ಟ ಹತ್ತಿ ಮಧ್ಯಾಹ್ನ ಹನ್ನೆರಡಕ್ಕೆ 7 ಮೆಗಾಹರ್ಟ್ಸ್‌ನಲ್ಲಿ 5 ವಾಟ್ ಹಚ್ಚಿದವರಿಗೆ ಬ್ಯಾಂಡ್ ಸತ್ತಂತೆ ಕಾಣುವುದು ಇದರಿಂದ. ಹತ್ತುವ ಹೊತ್ತೂ ಬ್ಯಾಂಡಿನ ಹೊತ್ತೂ ಹೊಂದುವುದಿಲ್ಲ ಎಂಬುದು ಬಯಲಿನವರ ಹಳೆಯ ದೂರು.

ದೂರವೂ ಒಂದು ಒಗಟು. ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ನಾಲ್ಕೈದು ಮೀಟರ್ ಎತ್ತರಕ್ಕೆ ಕಟ್ಟಿದ ತಂತಿ ಶಕ್ತಿಯನ್ನು ಹೆಚ್ಚಾಗಿ ನೆತ್ತಿಯತ್ತ ಎಸೆಯುತ್ತದೆ. ಅದು ಮರಳಿ ನಾನ್ನೂರು ಕಿಲೋಮೀಟರ್ ಆಸುಪಾಸಿನೊಳಗೆ ಮಳೆಯಂತೆ ಬೀಳುತ್ತದೆ. ಚಿಕ್ಕಮಗಳೂರಿನ ಬೆಟ್ಟದಿಂದ ಬೆಂಗಳೂರನ್ನು ಮುಟ್ಟಲು ಇದು ಸರಿಯಾದ ಉಪಾಯ. ಅಲ್ಲಿಂದಲೇ 14 ಮೆಗಾಹರ್ಟ್ಸ್‌ನಲ್ಲಿ ಕರೆದರೆ ಬೆಂಗಳೂರು ಸಾಮಾನ್ಯವಾಗಿ ಕೇಳುವುದಿಲ್ಲ, ಸಾವಿರಾರು ಕಿಲೋಮೀಟರ್ ಆಚೆಯವರು ಓಗೊಡುತ್ತಾರೆ. ನೇರ ಮೇಲಕ್ಕೆ ಹೋದ ಆ ಅಲೆ ಪದರವನ್ನು ಭೇದಿಸಿ ಹೊರಟುಹೋಗುತ್ತದೆ, ಓರೆಯಾಗಿ ಹೋದದ್ದು ಮಾತ್ರ ಬಾಗಿ ದೂರದಲ್ಲಿ ಇಳಿಯುತ್ತದೆ.

ದಕ್ಷಿಣ ಭಾರತಕ್ಕೆ ಇನ್ನೊಂದು ವಿಶೇಷವಿದೆ. ಭೂಮಿಯ ಕಾಂತೀಯ ವಿಷುವದ್ರೇಖೆ ದೇಶದ ದಕ್ಷಿಣ ತುದಿಯ ಬಳಿ ಹಾಯುತ್ತದೆ. 1963ರಲ್ಲಿ ದೇಶದಿಂದ ಮೊದಲ ರಾಕೆಟ್ ಹಾರಿಸಲು ಕೇರಳದ ತುಂಬಾ ಗ್ರಾಮವನ್ನು ಆರಿಸಿದ್ದೂ ಈ ಕಾರಣಕ್ಕೇ. ಈ ರೇಖೆಯ ಮೇಲೆ ಹಗಲಲ್ಲಿ ಎಲೆಕ್ಟ್ರಾನ್‌ಗಳು ಕಾರಂಜಿಯಂತೆ ಮೇಲೆದ್ದು ಎರಡೂ ಬದಿಗೆ ಬೀಳುತ್ತವೆ, ಉತ್ತರದ ರಾಶಿ ಅಹಮದಾಬಾದಿನ ಅಕ್ಷಾಂಶದ ಸುತ್ತ. ಎಫ್ ಪದರ ಹೀಗೆ ದಟ್ಟವಾಗುವುದರಿಂದ 21, 28 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಇಲ್ಲಿ ಸುಲಭವಾಗಿ ತೆರೆಯುತ್ತವೆ, ಅದರಲ್ಲೂ ಹನ್ನೊಂದು ವರ್ಷಗಳ ಸೌರಚಕ್ರ ಏರಿದಾಗ; ಈಗಿನ ಚಕ್ರ ಶಿಖರ ಮುಟ್ಟಿದ್ದು 2024ರಲ್ಲಿ. 28ರಲ್ಲಿ ತಂತಿ ಐದೇ ಮೀಟರ್, ಡಿ ಪದರದ ಸುಂಕ ತೀರಾ ಕಡಿಮೆ. ಐದು ವಾಟಿಗೆ ಇದಕ್ಕಿಂತ ಒಳ್ಳೆಯ ಬ್ಯಾಂಡ್ ಇಲ್ಲ. ಸಂಜೆಯಾದ ಮೇಲೆ ಅದೇ ಪದರದಲ್ಲಿ ಗುಳ್ಳೆಗಳೆದ್ದು ಸಂಕೇತಗಳು ಪಟಪಟನೆ ನಡುಗತೊಡಗುತ್ತವೆ. ಬಲವಾದ ದನಿ ಆ ನಡುಕವನ್ನು ತಾಳಿಕೊಳ್ಳುತ್ತದೆ, ಸಣ್ಣ ದನಿಗೆ ಅದು ಕಷ್ಟ.

ಬೆಟ್ಟಕ್ಕೆ ಒಂದು ವರವೂ ಇದೆ, ನಿಶ್ಶಬ್ದ. ಊರಿನಲ್ಲಿ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್‌ಗಳೆಲ್ಲ ಸೇರಿ ರಿಸೀವರ್‌ನಲ್ಲಿ ಎಸ್6, ಎಸ್7ರವರೆಗೆ ಗದ್ದಲ ತುಂಬುತ್ತವೆ. ಕರೆಂಟು ಕಂಬವಿಲ್ಲದ ಶಿಖರದಲ್ಲಿ ಮುಳ್ಳು ತಳಕ್ಕೆ ಅಂಟಿರುತ್ತದೆ, ಪಿಸುಮಾತೂ ಕೇಳುತ್ತದೆ. ಆದರೆ ಈ ವರ ಒಮ್ಮುಖದ್ದು. ಬೆಟ್ಟದವನಿಗೆ ಊರಿನವನು ಸ್ಪಷ್ಟ; ಊರಿನವನ ಎಸ್7 ಗದ್ದಲದಡಿ ಬೆಟ್ಟದವನ ಎಸ್5 ಹೂತುಹೋಗಿರುತ್ತದೆ. ಸಂತೆಯ ನಡುವೆ ನಿಂತವರಿಗೆ ಹೊಲದಾಚೆಯಿಂದ ಕೂಗಿದ ಹಾಗೆ. ಬಿಡುವಿಲ್ಲದೆ ಕರೆದು ಬ್ಯಾಟರಿ ಖಾಲಿ ಮಾಡುವ ಹೊಸಬರು ಬಹುಪಾಲು ಈ ಭ್ರಮೆಯಲ್ಲೇ ಸಿಕ್ಕಿಕೊಳ್ಳುತ್ತಾರೆ: ಅಷ್ಟು ಚೆನ್ನಾಗಿ ಕೇಳುವವನಿಗೆ ತಮ್ಮದೂ ಕೇಳಲೇಬೇಕಲ್ಲ ಎಂದು.

ಈ ಕೊರತೆಯನ್ನು ತುಂಬುವುದು ಹೇಳುವ ವಿಧಾನ. ಮಾತಿಗೆ 2,400 ಹರ್ಟ್ಸ್ ಅಗಲದ ಕಿಟಕಿ ತೆರೆಯಬೇಕು, ಗದ್ದಲವೂ ಅಷ್ಟೇ ಅಗಲಕ್ಕೆ ನುಗ್ಗುತ್ತದೆ. ಮೋರ್ಸ್‌ಗೆ 250 ಹರ್ಟ್ಸ್ ಸಾಕು. ಗದ್ದಲ ಸುಮಾರು ಹತ್ತರಲ್ಲೊಂದಾಗಿ 10 ಡೆಸಿಬೆಲ್ ಲಾಭ. ಅಂದರೆ 5 ವಾಟಿನ ಮೋರ್ಸ್, ಈ ಲೆಕ್ಕದಲ್ಲಿ, 50 ವಾಟಿನ ಮಾತಿಗೆ ಸಮ. ಕ್ಯೂಆರ್‌ಪಿಯವರು ಮೋರ್ಸ್ ಬಿಡದಿರುವುದು ಬರೀ ಹಳೆಯ ಪ್ರೀತಿಯಿಂದಲ್ಲ. ನೊಬೆಲ್ ಪುರಸ್ಕೃತ ಖಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವನ್ ಫ್ರಾಂಕೆ 2017ರಲ್ಲಿ ಹೊರತಂದ ಎಫ್‌ಟಿ8 ಇನ್ನೂ ಆಳಕ್ಕೆ ಇಳಿಯುತ್ತದೆ. 2,500 ಹರ್ಟ್ಸ್ ಅಗಲದ ಗದ್ದಲಕ್ಕಿಂತ 20 ಡೆಸಿಬೆಲ್ ಕೆಳಗಿರುವ, ಕಿವಿಗೆ ಇಲ್ಲವೇ ಇಲ್ಲವೆನಿಸುವ ಸಂಕೇತವನ್ನೂ ಅದು ಓದುತ್ತದೆ. ಬದಲಿಗೆ ಅದು ಕೇಳುವುದು ಕಂಪ್ಯೂಟರ್ ಮತ್ತು ಸರಿಯಾದ ಗಡಿಯಾರ; 15 ಸೆಕೆಂಡಿನ ಸರದಿಗಳಲ್ಲಿ ನಡೆಯುವ ಆ ಸಂಭಾಷಣೆಗೆ ಗಡಿಯಾರ ಒಂದೆರಡು ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಇಂಟರ್ನೆಟ್ ಇಲ್ಲದ ಕಡೆ ಜಿಪಿಎಸ್‌ನಿಂದ ಸಮಯ ಹೊಂದಿಸಿಕೊಳ್ಳಬೇಕು. ಅದಾದ ಮೇಲೂ ನಡುಹಗಲ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಪರದೆ ಕನ್ನಡಿಯಾಗಿ ಸ್ವಂತ ಮುಖ ತೋರಿಸುತ್ತದೆ.

ಸಣ್ಣ ದನಿಯವನನ್ನು ಯಾರಾದರೂ ಹುಡುಕಿ ಬರಬೇಕು. ಅದಕ್ಕಾಗಿ ಒಪ್ಪಿತ ತಾಣಗಳಿವೆ, 7.030, 14.060, 21.060 ಮೆಗಾಹರ್ಟ್ಸ್, ಕ್ಯೂಆರ್‌ಪಿ ಮೋರ್ಸ್‌ನವರು ಅಲ್ಲಿ ಕಿವಿಯಿಟ್ಟಿರುತ್ತಾರೆ. ಜಗತ್ತಿನಾದ್ಯಂತ ಸ್ವಯಂಚಾಲಿತ ರಿಸೀವರ್‌ಗಳ ಜಾಲ ಮೋರ್ಸ್ ಕರೆಗಳನ್ನು ಓದಿ ಯಾರು ಎಲ್ಲಿ ಕೇಳಿಸುತ್ತಿದ್ದಾರೆಂದು ಅಂತರ್ಜಾಲದಲ್ಲಿ ಹಾಕುತ್ತದೆ. ಮುಂಚೆಯೇ ಹೊತ್ತು ಮತ್ತು ಶಿಖರ ತಿಳಿಸಿಟ್ಟಿದ್ದರೆ, ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ ಇಲ್ಲದಿದ್ದರೂ ಈ ಜಾಲ ಕೂಗನ್ನು ಹಿಡಿದು ಸೋಟಾ ಪಟ್ಟಿಗೆ ಏರಿಸುತ್ತದೆ. ಆಮೇಲೆ ಒಮ್ಮೆಲೇ ಹತ್ತು ಮಂದಿ ಮುಗಿಬೀಳುವುದುಂಟು.

ಎತ್ತರದ ಲಾಭ ಪೂರ್ತಿ ಸಿಗುವುದು 144 ಮೆಗಾಹರ್ಟ್ಸ್‌ನಂಥ ನೇರ ಓಡುವ ಅಲೆಗಳಿಗೆ. ಎತ್ತರದ ಮೀಟರಿನ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. 1,478 ಮೀಟರಿನ ನಂದಿ ಬೆಟ್ಟ ಸುತ್ತಲ ಬಯಲಿಗಿಂತ ಸುಮಾರು 550 ಮೀಟರ್ ಮೇಲಿದೆ. ಅಲ್ಲಿಂದ ದಿಗಂತ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಅಷ್ಟು ದೂರಕ್ಕೆ ಅಂಗೈಯಲ್ಲಿ ಹಿಡಿಯುವ ಸೆಟ್ಟೇ ಸಾಕು. ಆದರೆ ನಾಲ್ಕೂ ಕಡೆ ಕಾಣುವ ಬೆಟ್ಟ ಹ್ಯಾಮ್‌ಗಳಿಗೆ ಮಾತ್ರ ಇಷ್ಟವಲ್ಲ, ಟವರ್ ಕಟ್ಟುವವರಿಗೂ ಇಷ್ಟ. ಟವರಿನ ಬುಡದಲ್ಲಿ ಪುಟ್ಟ ಸೆಟ್ಟಿನ ಕಿವಿ ಮಂಕಾಗುತ್ತದೆ.

ಸಿಡಿಲಿನ ವಿಷಯದಲ್ಲಿ ಲೆಕ್ಕಾಚಾರ ಬೇಡ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಘಟ್ಟದಲ್ಲಿ ಮೋಡ ಕಟ್ಟುವಾಗ ಬೋಳು ಶಿಖರದ ಮೇಲೆ ಆರು ಮೀಟರ್ ಗಳು, ಅದರಿಂದ ಇಳಿದ ತಂತಿ, ಆ ತಂತಿಯ ತುದಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತ ಮನುಷ್ಯ: ಇದಕ್ಕಿಂತ ಕೆಟ್ಟ ಜಾಗ ಹುಡುಕುವುದು ಕಷ್ಟ. ರೇಡಿಯೋ ಇಲ್ಲಿ ಮೊದಲೇ ಎಚ್ಚರಿಸುತ್ತದೆ. ಕಣ್ಣಿಗೆ ಮಿಂಚು ಕಾಣುವ ಎಷ್ಟೋ ಮುಂಚೆ ಕೆಳಗಿನ ಬ್ಯಾಂಡ್‌ಗಳಲ್ಲಿ ಚಟಪಟ ಸದ್ದು ದಟ್ಟವಾಗುತ್ತದೆ. ಸಂಪರ್ಕ ಮೂರೇ ಆಗಿದ್ದರೂ ಆಗ ತಂತಿ ಸುತ್ತಿ ಇಳಿಯಬೇಕು. ಮೋಡವಿಲ್ಲದಿದ್ದರೂ ಒಣ ಗಾಳಿ ಉದ್ದ ತಂತಿಯಲ್ಲಿ ಸ್ಥಿರ ವಿದ್ಯುತ್ ತುಂಬಿ ರೇಡಿಯೋದ ಸೂಕ್ಷ್ಮ ಭಾಗಗಳನ್ನು ಸುಡಬಲ್ಲದು. ಕೇಬಲ್ ಸಿಕ್ಕಿಸುವ ಮುನ್ನ ಅದರ ನಡುಮುಳ್ಳನ್ನು ಹೊರಕವಚಕ್ಕೆ ಮುಟ್ಟಿಸಿ ಖಾಲಿ ಮಾಡುವುದು ರೂಢಿ.

ಕೊನೆಗೆ ಉಳಿಯುವುದು ದಾಖಲೆ. ಯಾರ ಕಾಲ್‌ಸೈನ್, ಯಾವ ಆವೃತ್ತಿ, ಎಷ್ಟು ಹೊತ್ತಿಗೆ, ಪರಸ್ಪರ ಎಷ್ಟು ಕೇಳಿಸಿತು ಎಂಬುದನ್ನು ಆಗಿಂದಾಗ ಬರೆಯದಿದ್ದರೆ ಸಂಪರ್ಕ ಆದರೂ ಆಗದ ಹಾಗೆ. ಮಂಜು ಮುಸುಕಿದ ಬೆಟ್ಟದಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಫೋನಿನ ಪರದೆ ಒದ್ದೆ ಬೆರಳಿಗೆ ಕದಲುವುದಿಲ್ಲ, ಪೆನ್ಸಿಲ್ ಬರೆಯುತ್ತದೆ. ಹೊತ್ತನ್ನು ಬರೆಯಬೇಕಾದ್ದು ಅಂತರರಾಷ್ಟ್ರೀಯ ಸಮಯದಲ್ಲಿ, ಭಾರತದ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಉದ್ಯಾನಗಳಿಂದ ಮಾತಾಡುವವರಿಗಾಗಿ ಇರುವ 'ಪಾರ್ಕ್ಸ್ ಆನ್ ದಿ ಏರ್' ಕಾರ್ಯಕ್ರಮ ಅದೇ ಗಡಿಯಾರದ ಒಂದು ದಿನದೊಳಗೆ ಹತ್ತು ಸಂಪರ್ಕ ಕೇಳುತ್ತದೆ, ಮತ್ತು ಆ ದಿನ ಭಾರತದಲ್ಲಿ ಬದಲಾಗುವುದು ನಸುಕಿನ 5:30ಕ್ಕೆ. ತಂಪು ಹೊತ್ತಿನ ಬ್ಯಾಂಡ್ ಹಿಡಿಯಲು ಐದಕ್ಕೇ ಎದ್ದು ಆರು ಸಂಪರ್ಕ ಮುಗಿಸಿ, ಬೆಳಕು ಹರಿದ ಮೇಲೆ ಇನ್ನು ನಾಲ್ಕು ಮಾಡಿದವರ ಪುಸ್ತಕದಲ್ಲಿ ಹತ್ತು ಸಾಲಿರುತ್ತವೆ; ಕಾರ್ಯಕ್ರಮದ ಲೆಕ್ಕದಲ್ಲಿ ಅವು ಎರಡು ಬೇರೆ ದಿನಗಳ ಆರು ಮತ್ತು ನಾಲ್ಕು.